ಕಾಗದದ ದಾಸವಾಳ

ಕನ್ನಡದಲ್ಲಿ ‘ಕಾಗದ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಅಂಗಡಿಯಲ್ಲಿ ದಸ್ತಿನ ಲೆಕ್ಕದಿಂದ ದೊರೆಯುವ ಬರಿಯ ಹಾಳೆ ಒಂದು ಕಾಗದ. ಆ ಹಾಳೆಯ ಮೇಲೆ ಯಾರೋ ಯಾರಿಗೋ ನಾಲ್ಕು ಮಾತು ಬರೆದು ಕಳಿಸಿದರೆ ಅದೂ ಕಾಗದವೇ. “ಊರು ಮುಟ್ಟಿದ ಕೂಡಲೇ ಕಾಗದ ಹಾಕು” ಎಂದು ಹಿರಿಯರು ಹೇಳುತ್ತಿದ್ದುದು ಈ ಎರಡನೆಯ ಅರ್ಥದಲ್ಲಿ. ಶಬ್ದಾರ್ಥ ಹೇಳುವುದೇ ನನ್ನ ಉದ್ಯೋಗವಾದ್ದರಿಂದ, ನಾನಾರ್ಥದ ಪಾಠ ಬಂದಾಗಲೆಲ್ಲ ಈ ಶಬ್ದವನ್ನು ವಿದ್ಯಾರ್ಥಿಗಳ ಮುಂದೆ ಉದಾಹರಣೆಯಾಗಿ ಇಟ್ಟಿದ್ದೇನೆ. ಆದರೆ ಮೊದಲನೆಯ ಅರ್ಥದ ಕಾಗದ ಎರಡನೆಯ ಅರ್ಥದ ಕಾಗದವಾಗಬೇಕಾದರೆ ಮನುಷ್ಯ ಎಷ್ಟು ಬೆವರಬೇಕಾಗುತ್ತದೆ ಎಂಬುದು ಮೊನ್ನಿನ ಸಂಕ್ರಾಂತಿಯವರೆಗೆ ನನಗೆ ತಿಳಿದಿರಲಿಲ್ಲ.

ಇದಕ್ಕೆಲ್ಲ ಮೂಲ ಒಂದು ಯಂತ್ರ. ಡಿಸೆಂಬರ್ ತಿಂಗಳ ಒಂದು ಸಂಜೆ ಕಾಲೇಜು ಮುಗಿಸಿಕೊಂಡು, ಚಿಗರಿ ಬಸ್ಸಿನಿಂದ ಉಣಕಲ್ಲಿನಲ್ಲಿ ಇಳಿದು ಮನೆಗೆ ಬಂದಾಗ, ನಾನು ಉತ್ತರಪತ್ರಿಕೆ ನೋಡುವ ಮೇಜನ್ನು ಅದು ಆಕ್ರಮಿಸಿಕೊಂಡು ಕುಳಿತಿತ್ತು. ಕಬ್ಬಿನ ಹಾಲಿನ ಅಂಗಡಿಯ ಗಾಣವನ್ನು ಯಾರೋ ಮಕ್ಕಳ ಆಟಕ್ಕೆಂದು ಚಿಕ್ಕದು ಮಾಡಿದಂತಿತ್ತು. ಒಂದರ ಮೇಲೊಂದು ಎರಡು ಉರುಳೆಗಳು, ಬದಿಯಲ್ಲೊಂದು ಹಿಡಿಕೆ. ನನ್ನ ಹೆಂಡತಿ ತನ್ನ ಉಳಿತಾಯದ ಹಣದಿಂದ ಅದನ್ನು ತರಿಸಿದ್ದಳು. ಜೊತೆಗೆ ತೆಳ್ಳನೆಯ ಉಕ್ಕಿನ ಕೆಲವು ಅಚ್ಚುಗಳು. ಅಚ್ಚಿನ ಅಂಚು ಅಲಗಿನಂತೆ ಹರಿತವಾಗಿತ್ತು, ಆದರೆ ಬೆರಳಿಗೆ ತಾಕಿದರೆ ಕೊಯ್ಯುವಷ್ಟಲ್ಲ. ದಪ್ಪನೆಯ ಪಾರದರ್ಶಕ ಹಲಗೆಯ ಮೇಲೆ ಕಾಗದ, ಕಾಗದದ ಮೇಲೆ ಅಚ್ಚು, ಅದರ ಮೇಲೆ ಮತ್ತೊಂದು ಹಲಗೆ: ಹೀಗೆ ಪದರುಪದರಾಗಿ ಜೋಡಿಸಿ ಉರುಳೆಗಳ ನಡುವೆ ಇಟ್ಟು ಹಿಡಿಕೆ ತಿರುಗಿಸಿದರೆ, ಹಲಗೆಗಳು ಕಟಕಟನೆ ಸದ್ದು ಮಾಡುತ್ತ ಆಚೆ ಬದಿಗೆ ಬರುತ್ತವೆ. ಮೇಲಿನ ಹಲಗೆ ಎತ್ತಿದರೆ ಕಾಗದದಲ್ಲಿ ಒಂದು ಎಸಳು ಬಿಡಿಸಿಕೊಂಡಿರುತ್ತದೆ.

“ನೋಡ್ರಿ, ಈ ಸಲ ಸಂಕ್ರಾಂತಿಗೆ ಎಲ್ಲಾರಿಗೂ ನಾವ ಕಾರ್ಡ್ ಮಾಡಿ ಕಳಸೋಣು” ಎಂದಳು ಅವಳು.

“ಫೋನಿನಲ್ಲಿ ಒಂದು ನಿಮಿಷದಲ್ಲಿ ಇನ್ನೂರು ಜನರಿಗೆ ಶುಭಾಶಯ ಹೋಗುತ್ತದೆಯಲ್ಲ!” ಎಂದೆ ನಾನು.

“ಹೋಗತದ. ಯಾರಿಗೆ ಮುಟ್ಟತದ?” ಎಂದು ಹೇಳಿ ಅವಳು ಒಳಗೆ ಹೋದಳು. ಅಧ್ಯಾಪಕನಾದವನು ಮನೆಯಲ್ಲಿ ಕೊನೆಯ ಮಾತು ಆಡುವ ಆಸೆಯನ್ನು ಇಟ್ಟುಕೊಳ್ಳಬಾರದು.

ನಾಲ್ಕನೆಯ ತರಗತಿಯಲ್ಲಿರುವ ನನ್ನ ಮಗಳು ಮರುದಿನದಿಂದ ಆ ಯಂತ್ರದ ದಾಸಿಯಾದಳು. ಅವಳಿಂದ ನಾನೂ ಕೆಲವು ಸಂಗತಿಗಳನ್ನು ಕಲಿತೆ. ಕಾಗದದ ದಪ್ಪವನ್ನು ಅದರ ತೂಕದಿಂದ ಹೇಳುತ್ತಾರೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಹಾಳೆ ಎಷ್ಟು ಗ್ರಾಂ ತೂಗುತ್ತದೆಯೋ ಅದೇ ಅದರ ಅಳತೆ. ಕಾರ್ಡಿನ ಮೈಗೆ 250–300 ಗ್ರಾಂ ಕಾಗದ ಬೇಕು. ಎಸಳಿಗೆ ಅದರ ಅರ್ಧದಷ್ಟಿದ್ದರೆ ಸಾಕು. ಇನ್ನೊಂದು ಸಂಗತಿ ಇದಕ್ಕಿಂತ ಸ್ವಾರಸ್ಯವಾದದ್ದು. ಕಟ್ಟಿಗೆಗೆ ಇರುವಂತೆ ಕಾಗದಕ್ಕೂ ಒಂದು ನಾರಿನ ಜಾಡು ಇರುತ್ತದೆ. ಕಾರ್ಖಾನೆಯಲ್ಲಿ ಹಾಳೆ ಯಂತ್ರದ ಮೇಲೆ ಹರಿದು ಬರುವಾಗ ನಾರುಗಳು ಬಹುಮಟ್ಟಿಗೆ ಹರಿವಿನ ದಿಕ್ಕಿಗೆ ಮಲಗಿಕೊಳ್ಳುತ್ತವೆ. ಆ ಜಾಡಿನಲ್ಲಿ ಮಡಿಚಿದರೆ ಮಡಿಕೆ ನುಣುಪಾಗಿ ಬರುತ್ತದೆ. ಅಡ್ಡಲಾಗಿ ಮಡಿಚಿದರೆ ಹಾಳೆ ಬಿರುಕು ಬಿಟ್ಟು ಮುನಿಸಿಕೊಳ್ಳುತ್ತದೆ. ಇಲ್ಲಿಂದ ದೂರವಲ್ಲದ ದಾಂಡೇಲಿಯಲ್ಲಿ, ಕಾಳಿ ನದಿಯ ದಂಡೆಯಲ್ಲಿ, ಕಾಗದದ ದೊಡ್ಡ ಕಾರ್ಖಾನೆಯುಂಟು. ಅದನ್ನು ನಡೆಸುವ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದದ್ದು 1955ರಲ್ಲಿ. ಅಷ್ಟು ಸಮೀಪದಲ್ಲಿ ಕಾಗದ ಹುಟ್ಟುತ್ತಿದ್ದರೂ, ಜೀವಮಾನವೆಲ್ಲ ಕಾಗದದ ಮೇಲೆಯೇ ಬದುಕಿದ ನಾನು ಅದಕ್ಕೊಂದು ಜಾಡು ಇದೆಯೆಂಬುದನ್ನು ಒಂಬತ್ತು ವರ್ಷದ ಹುಡುಗಿಯಿಂದ ತಿಳಿಯಬೇಕಾಯಿತು.

ಈ ಯಂತ್ರದ ಹಿರಿಯಣ್ಣನನ್ನು ನಾನು ಮೊದಲೇ ನೋಡಿದ್ದೆ. ಕೆಲವು ವರ್ಷಗಳ ಹಿಂದೆ ಕಾಲೇಜಿನ ಸಮಾರಂಭವೊಂದರ ಆಮಂತ್ರಣ ಪತ್ರಿಕೆಗಾಗಿ ಹುಬ್ಬಳ್ಳಿಯ ಓಣಿಯೊಂದರ ಮುದ್ರಣಾಲಯಕ್ಕೆ ಹೋಗಿದ್ದೆ. ಅಲ್ಲಿ ಒಂದು ಹಳೆಯ ಟ್ರೆಡಲ್ ಮಶೀನು ಇತ್ತು. ಒಂದು ಕಾಲದಲ್ಲಿ ಮೊಳೆಗಳನ್ನು ಜೋಡಿಸಿ ಲಗ್ನಪತ್ರಿಕೆ, ಕರಪತ್ರಗಳನ್ನು ಮುದ್ರಿಸಿದ ಯಂತ್ರ. ಈಗ ಅದರ ಮಸಿಯ ಉರುಳೆಗಳನ್ನು ಕಳಚಿ, ಮೊಳೆಗಳ ಜಾಗದಲ್ಲಿ ಒಂದು ಪ್ಲೈವುಡ್ ಹಲಗೆ ಕೂಡಿಸಿದ್ದರು. ಆ ಹಲಗೆಯಲ್ಲಿ ಬೇಕಾದ ಆಕಾರಕ್ಕೆ ಸೀಳು ಮಾಡಿ, ಉಕ್ಕಿನ ಪಟ್ಟಿಗಳನ್ನು ಬಾಗಿಸಿ ನಿಲ್ಲಿಸುತ್ತಾರೆ. ಪಟ್ಟಿಗಳ ಅಕ್ಕಪಕ್ಕ ಸ್ಪಂಜಿನ ತುಂಡುಗಳನ್ನು ಅಂಟಿಸಿರುತ್ತಾರೆ. ಕತ್ತರಿಸಿದ ಕಾಗದ ಅಲಗಿಗೆ ಸಿಕ್ಕಿಕೊಳ್ಳದಂತೆ ಅದನ್ನು ಹಿಂದಕ್ಕೆ ತಳ್ಳುವುದು ಅವುಗಳ ಕೆಲಸ. ಅಲಗಿನಲ್ಲಿ ಅಲ್ಲಲ್ಲಿ ಕೂದಲೆಳೆಯಷ್ಟು ಕಚ್ಚು ಹಾಕಿರುತ್ತಾರೆ. ಅದರಿಂದ ಕತ್ತರಿಸಿದ ಆಕಾರ ಪೂರ್ತಿ ಉದುರಿಹೋಗದೆ ಹಾಳೆಗೆ ಎರಡು ಮೂರು ಕಡೆ ಅಂಟಿಕೊಂಡೇ ಹೊರಬರುತ್ತದೆ. ಆಮೇಲೆ ಕೈಯಿಂದ ಬಿಡಿಸಬೇಕು.

ಆ ಯಂತ್ರದ ಮುಂದೆ ನಿಂತಿದ್ದ ಹಿರಿಯರು ಒಂದೇ ಲಯದಲ್ಲಿ ಹಾಳೆ ಇಡುತ್ತ, ತೆಗೆಯುತ್ತ ಇದ್ದರು. ನಾನು ಮೆಚ್ಚಿಕೊಂಡು ನೋಡುತ್ತಿರುವುದನ್ನು ಕಂಡು ನಕ್ಕು, “ಕಟ್ ಮಾಡೂದು ಮಶೀನಿನ ಕೆಲಸಾರೀ ಸರ, ಅದರಾಗೇನೈತಿ? ಒಳಗಿನ ಕಸಾ ತಗ್ಯೂದ ಖರೇ ಕೆಲಸ” ಎಂದರು. ಮೂಲೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಕುಳಿತು, ಹೂವಿನ ಬಳ್ಳಿಯ ನಡುವೆ ಉಳಿದ ಚೂರುಗಳನ್ನು ಒಂದೊಂದಾಗಿ ತಟ್ಟಿ ಬೀಳಿಸುತ್ತಿದ್ದರು. ಅವರ ಸುತ್ತ ಬಣ್ಣದ ಕಾಗದದ ಚೂರುಗಳ ಗುಡ್ಡೆ ಬೆಳೆದಿತ್ತು. ಅಂದು ಆ ಮಾತು ನನಗೆ ಬರಿಯ ಕಸುಬಿನ ಮಾತಾಗಿ ಕೇಳಿಸಿತು.

ಯಾವುದನ್ನು ಕಂಡರೂ ಅದರ ಇತಿಹಾಸ ಹುಡುಕುವುದು ನಮ್ಮ ವೃತ್ತಿಯ ದುರಭ್ಯಾಸ. ಹುಡುಕಿದೆ. ಅಚ್ಚು ಹಾಕಿಸಿದ ಮೊದಲ ಕ್ರಿಸ್‌ಮಸ್ ಶುಭಾಶಯ ಪತ್ರ ಲಂಡನ್ನಿನಲ್ಲಿ ಹೊರಬಂದದ್ದು 1843ರಲ್ಲಂತೆ. ಹೆನ್ರಿ ಕೋಲ್ ಎಂಬವರು ಮಾಡಿಸಿದ್ದು. ಮಥುರೆಯ ಕಡೆ ‘ಸಾಂಝಿ’ ಎಂಬ ಕಲೆಯುಂಟು. ಕಾಗದದಲ್ಲಿ ಸೂಕ್ಷ್ಮವಾಗಿ ಬಳ್ಳಿ, ಹೂ, ಗೋವುಗಳನ್ನು ಕೊರೆದು, ಆ ತೂತುಗಳ ಮೂಲಕ ಬಣ್ಣದ ಪುಡಿ ಉದುರಿಸಿ ದೇವರ ಮುಂದೆ ರಂಗೋಲಿ ಬಿಡಿಸುತ್ತಾರೆ. ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು ಮೇರಿ ಡೆಲನಿ ಎಂಬ ಇಂಗ್ಲೆಂಡಿನ ಮುದುಕಿಯ ಕಥೆ. 1700ರಲ್ಲಿ ಹುಟ್ಟಿದವಳು, ಎರಡು ಸಲ ವಿಧವೆಯಾದವಳು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಕತ್ತರಿ ಹಿಡಿದು ಬಣ್ಣದ ಕಾಗದದಿಂದ ಹೂಗಳನ್ನು ಮಾಡಲು ತೊಡಗಿದಳು. ಕಪ್ಪು ಹಿನ್ನೆಲೆಯ ಮೇಲೆ ಒಂದೊಂದು ಎಸಳು, ಒಂದೊಂದು ಕೇಸರವನ್ನೂ ಬೇರೆಬೇರೆಯಾಗಿ ಕತ್ತರಿಸಿ ಅಂಟಿಸಿದಳು. ಕಣ್ಣು ಮಂಜಾಗುವವರೆಗೆ, ಸುಮಾರು ಹತ್ತು ವರ್ಷ, ನಿಲ್ಲಿಸಲಿಲ್ಲ. ಸಾವಿರಕ್ಕೆ ಸಮೀಪವಾದ ಆ ಹೂಗಳು ಇಂದಿಗೂ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿವೆ. ಇದನ್ನು ಓದಿದ ಮೇಲೆ, ಕಾಗದದ ಹೂವೆಂದರೆ ವಾಸನೆಯಿಲ್ಲದ ಸೋಗು ಎಂದು ತರಗತಿಯಲ್ಲಿ ನಾನು ಆಡಿದ್ದ ಮಾತುಗಳನ್ನು ಹಿಂದೆಗೆದುಕೊಳ್ಳಬೇಕೆನಿಸಿತು.

ಅಷ್ಟು ದೂರವೇಕೆ? ನಮ್ಮ ಉಣಕಲ್ಲಿನ ಚಂದ್ರಮೌಳೇಶ್ವರನ ಗುಡಿಗೆ ಬಂದವರು ನಾಲ್ಕು ಮುಖದ ಲಿಂಗವನ್ನು ನೋಡಿ ಕೈಮುಗಿದು ಹೋಗಿಬಿಡುತ್ತಾರೆ. ಸ್ವಲ್ಪ ನಿಂತು ಬಾಗಿಲುಗಳ ಬದಿಯ ಜಾಲಂಧ್ರಗಳನ್ನು ನೋಡಬೇಕು. ಚಾಲುಕ್ಯರ ಕಾಲದ ಶಿಲ್ಪಿ ಗಟ್ಟಿ ಕಲ್ಲನ್ನು ಆಚೆಯಿಂದೀಚೆಗೆ ಬೆಳಕು ಹಾಯುವಂತೆ ಕೊರೆದಿದ್ದಾನೆ. ಅವನೇನೂ ಕಲ್ಲಿಗೆ ಹೂವನ್ನು ತಂದು ಅಂಟಿಸಲಿಲ್ಲ. ಬೇಡವಾದಷ್ಟು ಕಲ್ಲನ್ನು ತೆಗೆದುಹಾಕಿದ, ಉಳಿದದ್ದು ಅಲಂಕಾರವಾಯಿತು. ಮುದ್ರಣಾಲಯದ ಹಿರಿಯರು ಹೇಳಿದ ಕಸುಬೂ ಇದೇ ಅಲ್ಲವೇ!

ಚಿಕ್ಕಂದಿನಿಂದ ಈ ಗುಡಿಯ ಸುತ್ತ ಆಡಿ ಬೆಳೆದವರು ನಾವು, ನಾನೂ ನನ್ನ ಅಣ್ಣನೂ. ಗುಡಿಯಿಂದ ನಾಲ್ಕು ಹೆಜ್ಜೆಯಾಚೆ ನಮ್ಮ ಹಳೆಯ ಮನೆ. ಮನೆಯ ಹಿಂದೊಂದು ಹಿತ್ತಲು. ಹಿತ್ತಲಲ್ಲಿ ಅಪ್ಪ ಹಚ್ಚಿದ ಕೆಂಪು ದಾಸವಾಳ. ಅಪ್ಪ ಪ್ರಾಥಮಿಕ ಶಾಲೆಯ ಶಿಕ್ಷಕರು. ಸಂಬಳ ಅಷ್ಟಕ್ಕಷ್ಟೆ, ಸಂಬಂಧಿಕರು ಮಾತ್ರ ಬಹಳ. ನಮ್ಮ ಕಡೆ ಸಂಕ್ರಾಂತಿಗೆ ದೂರದವರಿಗೂ ಲಕೋಟೆಯಲ್ಲಿ ಒಂದು ಚಿಟಿಕೆ ಕುಸುರೆಳ್ಳು ಇಟ್ಟು ಕಳಿಸುವ ರೂಢಿಯನ್ನು ಓದುಗರಲ್ಲಿ ಕೆಲವರಾದರೂ ಬಲ್ಲರು. ಅಂಗಡಿಯ ಕಾರ್ಡುಗಳನ್ನು ಅಷ್ಟು ಜನರಿಗೆ ಕೊಳ್ಳುವುದು ಅಪ್ಪನ ಶಕ್ತಿಗೆ ಮೀರಿದ್ದು. ಅದಕ್ಕಾಗಿ ಅವರು ವರ್ಷವೆಲ್ಲ ಬಂದ ಲಗ್ನಪತ್ರಿಕೆಗಳನ್ನು ಕೂಡಿಡುತ್ತಿದ್ದರು. ಜನವರಿ ಬಂತೆಂದರೆ ಅವುಗಳ ಬಣ್ಣದ ಕಾಗದದಿಂದ ದಾಸವಾಳದ ಹೂಗಳು ಹುಟ್ಟುತ್ತಿದ್ದವು.

ಆ ಕಾರ್ಖಾನೆಯಲ್ಲಿ ಕೆಲಸದ ಹಂಚಿಕೆ ಕಟ್ಟುನಿಟ್ಟಾಗಿತ್ತು. ಎಸಳುಗಳನ್ನು ಅಪ್ಪ ಕತ್ತರಿಸುವರು. ನಾನು ಚಿಕ್ಕವನು, ನನಗೆ ಕತ್ತರಿ ಕೊಡುತ್ತಿರಲಿಲ್ಲ. ಅವ್ವ ಕಾಸಿಕೊಟ್ಟ ಮೈದಾ ಹಿಟ್ಟಿನ ಅಂಟನ್ನು ಹಚ್ಚುವುದು ನನ್ನ ಕೆಲಸ. ಎಲೆಗಳು ಅಣ್ಣನವು. ದಾಸವಾಳದ ಎಲೆಯ ಅಂಚಿಗೆ ಗರಗಸದಂತೆ ಹಲ್ಲುಗಳಿರುತ್ತವೆ. ಅಣ್ಣ ಹಿತ್ತಲಿನಿಂದ ಒಂದು ಎಲೆ ಕಿತ್ತು ತಂದು ಮುಂದಿಟ್ಟುಕೊಂಡು, ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಆ ಹಲ್ಲುಗಳನ್ನು ಒಂದೂ ಬಿಡದೆ ಕತ್ತರಿಸುತ್ತಿದ್ದ. “ಎಲಿ ಇಲ್ಲದ ಹೂವಂದ್ರ ಊರಿಲ್ಲದ ಮನಶ್ಯಾ ಇದ್ದಂಗ” ಎಂದು ಅಪ್ಪ ಅವನ ಎಲೆಗಳನ್ನು ಮೆಚ್ಚಿ ಹೇಳುತ್ತಿದ್ದರು. ನನ್ನ ಅಂಟನ್ನು ಯಾರೂ ಮೆಚ್ಚಿದ ನೆನಪಿಲ್ಲ. ಅಂಟು ಕಂಡರೆ ತಪ್ಪು, ಕಾಣದಿದ್ದರೆ ಅದನ್ನು ಕೇಳುವವರಿಲ್ಲ.

ಅಣ್ಣ ನೌಕರಿಯ ಮೇಲೆ ವಿಜಯಪುರ ಸೇರಿದ. ನಾನು ಊರಿನಲ್ಲಿಯೇ ಉಳಿದೆ. ಅಪ್ಪ ಹಾಸಿಗೆ ಹಿಡಿದಾಗ ರಾತ್ರಿ ಹಗಲು ಬಳಿಯಲ್ಲಿದ್ದವನು ನಾನು. ಅಣ್ಣ ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದ. ಔಷಧದ ಖರ್ಚಿಗೆ ಬೇಕೆಂದಾಗಲೆಲ್ಲ ಅವನಿಂದ ಹಣ ಬರುತ್ತಿತ್ತು. ಹಣ ಎಲ್ಲಿಂದ ಬರುತ್ತಿದೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಪ್ಪ ತೀರಿದ ವರ್ಷದ ಕಾರ್ಯ ಮುಗಿದ ದಿನ ಸಂಜೆ, ಕಟ್ಟೆಯ ಮೇಲೆ ಕುಳಿತಾಗ, “ಹಿತ್ತಲಾ ಮಾರೋಣೇನು?” ಎಂದು ಅವನು ಮೆಲ್ಲಗೆ ಕೇಳಿದ.

ನನಗೆ ಎಲ್ಲಿಯ ಸಿಟ್ಟು ಬಂದಿತೋ! “ಅಪ್ಪ ಮಲಗಿದಾಗ ಎಷ್ಟ ದಿನಾ ಬಂದು ಕೂತಿದ್ದಿ? ಈಗ ಹಿತ್ತಲಾ ಕೇಳಾಕ ಬಂದಿ!” ಎಂದುಬಿಟ್ಟೆ. ಅವ್ವ ಬಾಗಿಲಲ್ಲಿ ನಿಂತಿದ್ದಳು. ಅಣ್ಣ ಮರುಮಾತಾಡಲಿಲ್ಲ. ಒಳಗೆ ಹೋಗಿ ತನ್ನ ಚೀಲ ತೆಗೆದುಕೊಂಡು, ಅವ್ವನ ಕಾಲು ಮುಟ್ಟಿ, ಕತ್ತಲಲ್ಲಿ ರಸ್ತೆಯ ಕಡೆ ನಡೆದುಹೋದ.

ಅಪ್ಪನ ಔಷಧಕ್ಕಾಗಿ ಅವನು ನೌಕರರ ಸೊಸೈಟಿಯಿಂದ ಸಾಲ ಎತ್ತಿದ್ದನೆಂದೂ, ಅವನ ಸಂಬಳದ ದೊಡ್ಡ ಪಾಲು ಅದಕ್ಕೇ ಹೋಗುತ್ತಿದೆಯೆಂದೂ ನನಗೆ ಗೊತ್ತಾದದ್ದು ಮುಂದೆ ಒಂದು ವರ್ಷವಾದ ಮೇಲೆ, ಅವ್ವನ ಬಾಯಿಂದ. ಆಗಲೇ ಬಸ್ಸು ಹತ್ತಬೇಕಾಗಿತ್ತು. ಹತ್ತಲಿಲ್ಲ. ತಪ್ಪು ಮಾಡಿದ ದಿನ ಕ್ಷಮೆ ಕೇಳುವುದು ಸುಲಭ. ಒಂದು ವರ್ಷ ತಡವಾದ ಮೇಲೆ ತಪ್ಪಿನ ಜೊತೆಗೆ ತಡವಾದದ್ದಕ್ಕೂ ಕಾರಣ ಹೇಳಬೇಕಾಗುತ್ತದೆ. ಹೀಗೆ ಮೂರು ಸಂಕ್ರಾಂತಿಗಳು ಕಳೆದವು. ಅವ್ವ ಆ ಕಡೆ ಹೋಗುವವರ ಕೈಯಲ್ಲಿ ಹಿರಿಯ ಮಗನಿಗೆ ಕುಸುರೆಳ್ಳಿನ ಪೊಟ್ಟಣ ಕಳಿಸುತ್ತಿದ್ದಳು. ನಾನು ಕಂಡೂ ಕಾಣದವನಂತೆ ಪತ್ರಿಕೆ ಓದುತ್ತಿದ್ದೆ.

ಈ ವರ್ಷ ಮೇಜಿನ ಮೇಲೆ ಕಾರ್ಡುಗಳ ಸಾಲು ಬೆಳೆಯತೊಡಗಿದಾಗ ಮಗಳು ವಿಳಾಸಗಳ ಪಟ್ಟಿ ಹಿಡಿದು ಬಂದಳು. ಬೆಳಗಾವಿಯ ಅತ್ತೆ, ಗದಗಿನ ಮಾವ, ಬೆಂಗಳೂರಿನ ಗೆಳತಿ, ಅವಳ ಶಾಲೆಯ ಬಾಯಾರು, ಎಲ್ಲರೂ ಇದ್ದರು.

“ಅಪ್ಪಾ, ಇದರಾಗ ದೊಡ್ಡಪ್ಪನ ಹೆಸರ ಯಾಕ ಇಲ್ಲ?”

ನಾನು ಹೆಂಡತಿಯ ಮುಖ ನೋಡಿದೆ. ಅವಳು ಕತ್ತರಿಯನ್ನು ನೋಡುತ್ತಿದ್ದಳು. ಅಡಿಗೆಮನೆಯಲ್ಲಿ ಅವ್ವ ಕುಸುರೆಳ್ಳು ಮಾಡುತ್ತ ಕುಳಿತಿದ್ದಳು. ಇದು ಅವಸರದವರ ಕೆಲಸವಲ್ಲ. ಸಣ್ಣ ಉರಿಯ ಮೇಲೆ ತಾಟು, ತಾಟಿನಲ್ಲಿ ಎಳ್ಳು. ಸಕ್ಕರೆಯ ಪಾಕವನ್ನು ಚಮಚೆಯಿಂದ ಸ್ವಲ್ಪ ಸ್ವಲ್ಪವೇ ಚಿಮುಕಿಸುತ್ತ, ಬೆರಳ ತುದಿಯಿಂದ ಆಡಿಸುತ್ತಲೇ ಇರಬೇಕು. ಪಾಕ ಒಣಗಿದ ಮೇಲೆ ಮತ್ತೆ ಚಿಮುಕಿಸಬೇಕು. ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ, ಹೀಗೆ ಆಡಿಸಿದ ಮೇಲೆ ಒಂದೊಂದು ಎಳ್ಳಿನ ಮೈಮೇಲೂ ಸಕ್ಕರೆಯ ಸಣ್ಣ ಮುಳ್ಳುಗಳು ಏಳುತ್ತವೆ. ಅವ್ವ ತಲೆಯೆತ್ತದೆಯೇ ಮೊಮ್ಮಗಳಿಗೆ ಹೇಳಿದಳು:

“ಉರಿ ಜಾಸ್ತಿ ಆದ್ರ ಮುಳ್ಳ ಬರೂದಿಲ್ಲವ್ವಾ. ಎಲ್ಲಾ ಕೂಡಿ ಗಂಟ ಬೀಳತೈತಿ. ಬಿದ್ದ ಗಂಟ ಬಿಡಸಾಕ ಬರೂದಿಲ್ಲಂತಲ್ಲ. ಕೈ ಸುಡತೈತಿ, ಅಷ್ಟ.”

ಅವಳು ಮಾತಾಡಿದ್ದು ಎಳ್ಳಿನ ವಿಷಯವೆಂದು ತಿಳಿದುಕೊಳ್ಳುವಷ್ಟು ದಡ್ಡ ನಾನಲ್ಲ. “ದೊಡ್ಡಪ್ಪನ ಕಾರ್ಡನ್ನು ನಾನೇ ಮಾಡುತ್ತೇನೆ” ಎಂದೆ. ಮಗಳು ಅನುಮಾನದಿಂದ ನನ್ನ ಕೈಗಳನ್ನು ನೋಡಿದಳು.

ಹೆಂಡತಿಯ ಅಚ್ಚುಗಳಲ್ಲಿ ಗುಲಾಬಿಯಿತ್ತು, ಸೇವಂತಿಗೆಯಂಥದೊಂದಿತ್ತು, ದಾಸವಾಳವಿರಲಿಲ್ಲ. ಹೃದಯದ ಆಕಾರದ ಒಂದು ಅಚ್ಚಿನಿಂದ ಕೆಂಪು ಕಾಗದದಲ್ಲಿ ಐದು ಎಸಳು ತೆಗೆದೆವು. ಮಡಿಚಿದ ಟವೆಲಿನ ಮೇಲೆ ಎಸಳನ್ನಿಟ್ಟು ಚಮಚೆಯ ಬೆನ್ನಿನಿಂದ ಒತ್ತಿ ತೀಡಿದರೆ ಅದು ನಡುವೆ ತಗ್ಗಾಗಿ, ಅಂಚಿನಲ್ಲಿ ಮೇಲೆದ್ದು, ನಿಜವಾದ ಎಸಳಿನಂತೆ ಬಾಗುತ್ತದೆ. ಐದನ್ನೂ ಒಂದರಂಚಿನ ಮೇಲೊಂದು ಬರುವಂತೆ ಅಂಟಿಸಿದೆ. ಹಳದಿ ಕಾಗದದ ಪಟ್ಟಿಯ ತುದಿಯನ್ನು ಸಣ್ಣಗೆ ಸೀಳಿ, ಕಡ್ಡಿಯ ಸುತ್ತ ಸುತ್ತಿ, ನಡುವಿನ ಉದ್ದನೆಯ ದಂಡ ಮಾಡಿದೆ. ಅವ್ವ ಕೊಟ್ಟ ಕುಸುರೆಳ್ಳಿನ ಸಣ್ಣ ಪೊಟ್ಟಣ ಹೂವಿನ ಮರೆಯಲ್ಲಿ ಕುಳಿತಿತು. ಮೂವತ್ತು ದಾಟಿದ ಮೇಲೆಯೂ ಅಂಟು ಹಚ್ಚುವ ಕೈ ಮರೆತಿರಲಿಲ್ಲ.

ತೊಡಕಾದದ್ದು ಎಲೆಯಲ್ಲಿ. ಪೆಟ್ಟಿಗೆಯಲ್ಲಿದ್ದ ಎಲೆಯ ಅಚ್ಚು ನುಣುಪಾದ ಅಂಚಿನದು. ಯಾವ ಗಿಡದ ಎಲೆಯೋ ಅದನ್ನು ಮಾಡಿದವರಿಗೇ ಗೊತ್ತು. ಮಗಳು ಎರಡು ಎಲೆ ತೆಗೆದು ಹೂವಿನ ಕೆಳಗಿಟ್ಟು ನೋಡಿದಳು. ನೋಡಿದ ಕೂಡಲೇ ಅದು ಸುಳ್ಳೆಂದು ಕಂಡಿತು. ಕತ್ತರಿ ತೆಗೆದುಕೊಂಡು ನಾನೇ ಹಲ್ಲು ಕತ್ತರಿಸಲು ಹೋಗಿ ನಾಲ್ಕು ಹಾಳೆ ಕೆಡಿಸಿದೆ. ಸಂಜೆಯ ಟಪಾಲು ತಪ್ಪುವ ಹೊತ್ತಾಗುತ್ತಿತ್ತು. ಎಲೆಯಿಲ್ಲದೆಯೇ ಇರಲಿ ಎಂದು ಬಿಟ್ಟುಬಿಟ್ಟೆವು.

ಹೂವೇನೋ ಆಯಿತು. ಕಾರ್ಡನ್ನು ತೆರೆದರೆ ಒಳಗೆ ಬಿಳಿಯ ಬಯಲು. ಅಂಗಡಿಯ ಕಾರ್ಡಿನ ದೊಡ್ಡ ಅನುಕೂಲವೆಂದರೆ ಒಕ್ಕಣೆಯನ್ನು ಅವರೇ ಅಚ್ಚು ಹಾಕಿರುತ್ತಾರೆ. ನಾವು ಕೆಳಗೆ ರುಜು ಮಾಡಿದರೆ ಮುಗಿಯಿತು. ಕೈಯಿಂದ ಮಾಡಿದ ಕಾರ್ಡು ಆ ಉಪಕಾರ ಮಾಡುವುದಿಲ್ಲ. ಕನ್ನಡ ಎಂ.ಎ. ಓದಿ, ಹಳಗನ್ನಡದಿಂದ ಇಂದಿನವರೆಗಿನ ಸಾಹಿತ್ಯವನ್ನು ಪಾಠ ಹೇಳುವ ನಾನು ಆ ಬಿಳಿಯ ಅಂಗೈಯಗಲದ ಮುಂದೆ ಪೆನ್ನು ಹಿಡಿದು ಕುಳಿತೆ.

ಮೊದಲು ಬೇರೆ ಹಾಳೆಯಲ್ಲಿ ಕರಡು ಬರೆದೆ. ಎರಡು ಪುಟವಾಯಿತು. ಅಂದು ನನ್ನ ಮನಸ್ಸು ಹೇಗಿತ್ತು, ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೆ, ಸಾಲದ ಸಂಗತಿ ಮೊದಲೇ ತಿಳಿಸಿದ್ದರೆ ನಾನು ಹಾಗೆ ಅನ್ನುತ್ತಿದ್ದೆನೇ, ಹಿತ್ತಲಿನ ಮೇಲೆ ಅಪ್ಪನಿಗೆ ಎಷ್ಟು ಜೀವವಿತ್ತು, ಎಲ್ಲವನ್ನೂ ಒಳ್ಳೆಯ ಕನ್ನಡದಲ್ಲಿ ಬರೆದೆ. ಓದಿ ನೋಡಿದೆ. ವಾಕ್ಯಗಳು ಚೆನ್ನಾಗಿದ್ದವು. ಕ್ಷಮೆ ಕೇಳುವ ಕಾಗದವೆಂದು ಹೊರಟದ್ದು ವಕೀಲರ ನೋಟೀಸಾಗಿತ್ತು! ಪ್ರತಿಯೊಂದು ವಾಕ್ಯದಲ್ಲೂ ತಪ್ಪಿನ ಚೂರೊಂದು ಅವನ ಕಡೆಗೆ ಜಾರಿ ಬೀಳುವಂತೆ ನಾನು ಜಾಣತನದಿಂದ ಏರ್ಪಾಡು ಮಾಡಿದ್ದೆ.

ಆಗ ಹುಬ್ಬಳ್ಳಿಯ ಆ ಮುದ್ರಣಾಲಯ ನೆನಪಾಯಿತು. ಒಳಗಿನ ಕಸ ತೆಗೆಯುವುದೇ ಖರೆಯ ಕೆಲಸ. ಕುಳಿತು ಒಂದೊಂದೇ ವಾಕ್ಯವನ್ನು ತಟ್ಟಿ ಬೀಳಿಸತೊಡಗಿದೆ. ನನ್ನ ನಿದ್ದೆಗೇಡು ಹೋಯಿತು. ಅವನು ಹೇಳದಿದ್ದ ಸಾಲದ ದೂರು ಹೋಯಿತು. ಅಪ್ಪನ ಜೀವ ಹಿತ್ತಲಿನಲ್ಲಿತ್ತೆಂಬ ಮಾತು ಬಹಳ ಹೊತ್ತು ಅಂಟಿಕೊಂಡೇ ಇತ್ತು, ಕೊನೆಗೆ ಅದೂ ಹೋಯಿತು. ‘ಆದರೆ’ ಎಂಬ ಶಬ್ದ ಒಟ್ಟು ಏಳು ಸಲ ಬಂದಿತ್ತು, ಏಳೂ ಹೋದವು. ಉಳಿದದ್ದು ಇಷ್ಟು:

“ಅಣ್ಣಾ, ಅಂದು ನಾನು ಅಂದದ್ದು ತಪ್ಪು. ಹಿತ್ತಲ ವಿಷಯ ನೀನು ಹೇಳಿದಂತೆ ಆಗಲಿ. ಅವ್ವ ಎಳ್ಳು ಕಳಿಸಿದ್ದಾಳೆ.”

ಇಷ್ಟನ್ನು ಕಾರ್ಡಿನಲ್ಲಿ ಬರೆಯುವಾಗ ಕೈ ನಡುಗಿತು. ಹಿತ್ತಲೆಂದರೆ ಬರಿಯ ನೆಲವಲ್ಲ. ಬೆಳಿಗ್ಗೆ ಎದ್ದು ಅವ್ವ ಪೂಜೆಗೆ ಹೂ ಕೊಯ್ಯುವ ಜಾಗ. ಬರೆದ ಮೇಲೆ ಅವ್ವನಿಗೆ ಓದಿ ಹೇಳಿದೆ. ಅವಳು ಕೇಳಿ, “ಗಿಡದ ಟೊಂಗಿ ಎಲ್ಲಿ ಹಚ್ಚಿದ್ರೂ ಹತ್ತತೈತಿ ತಮ್ಮಾ” ಎಂದಷ್ಟೇ ಹೇಳಿ, ತಾಟು ತೊಳೆಯಲು ಎದ್ದಳು.

ಅಂಚೆಯ ಕಚೇರಿಯಲ್ಲಿ ಇನ್ನೊಂದು ಆತಂಕ. ಉಬ್ಬಿದ ಹೂವಿನ ಲಕೋಟೆಯ ಮೇಲೆ ಠಸ್ಸೆಯ ಏಟು ಬಿದ್ದರೆ ದಾಸವಾಳದ ಗತಿಯೇನು? ಮಗಳು ಹತ್ತಿಯ ತೆಳುವಾದ ಪದರೊಂದನ್ನು ಹೂವಿನ ಮೇಲಿಟ್ಟು, ತಿಕೀಟನ್ನು ಹೂವಿರುವ ಜಾಗದಿಂದ ದೂರ, ಮೂಲೆಯಲ್ಲಿ ಹಚ್ಚಿದ್ದಳು. ಕಿಟಕಿಯಲ್ಲಿ ಕುಳಿತಿದ್ದವರು ಲಕೋಟೆಯನ್ನು ತೂಗಿ, ಬೆರಳಿನಿಂದ ಮೆಲ್ಲಗೆ ಒತ್ತಿ, “ಒಳಗೇನೈತ್ರಿ?” ಎಂದು ಕೇಳಿದರು. “ಹೂವು” ಎಂದಳು ಮಗಳು. ಅವರು ಮುಗುಳ್ನಕ್ಕು, ತಿಕೀಟಿನ ತುದಿಯ ಮೇಲೆ ಹಗುರಾಗಿ ಠಸ್ಸೆ ಒತ್ತಿ ಬದಿಗಿಟ್ಟರು.

ಸಂಕ್ರಾಂತಿ ಬಂದಿತು, ಹೋಯಿತು. ಬೆಳಗಾವಿಯಿಂದ, ಗದಗಿನಿಂದ ಫೋನುಗಳು ಬಂದವು. ಕಾರ್ಡು ಸಿಕ್ಕಿತು, ಚೆನ್ನಾಗಿದೆ, ಇಷ್ಟು ವರ್ಷಗಳ ಮೇಲೆ ಟಪಾಲಿನಲ್ಲಿ ಕುಸುರೆಳ್ಳು ಬಂತು ಎಂದು ಎಲ್ಲರೂ ಹಿಗ್ಗಿದರು. ವಿಜಯಪುರದಿಂದ ಮಾತ್ರ ಏನೂ ಬರಲಿಲ್ಲ. ನಾಲ್ಕು ದಿನ, ಎಂಟು ದಿನ, ಹತ್ತು ದಿನ. ಹೂವು ನುಜ್ಜಾಗಿರಬೇಕೆಂದು ಮಗಳು ಪೇಚಾಡಿದಳು. ನುಜ್ಜಾದದ್ದು ಹೂವಲ್ಲವೆಂದು ನಾನು ಒಳಗೊಳಗೇ ಅಂದುಕೊಂಡೆ.

ಹದಿಮೂರನೆಯ ದಿನ ಮಧ್ಯಾಹ್ನ ಒಂದು ಲಕೋಟೆ ಬಂದಿತು. ವಿಳಾಸದ ಅಕ್ಷರ ನೋಡಿದ ಕೂಡಲೇ ಅವ್ವ ಕನ್ನಡಕ ಹುಡುಕತೊಡಗಿದಳು. ಒಡೆದೆ. ಒಳಗೆ ಕಾರ್ಡು ಇರಲಿಲ್ಲ. ಹಸಿರು ಕಾಗದದ ಐದು ಎಲೆಗಳು ಮೇಜಿನ ಮೇಲೆ ಉದುರಿದವು. ಯಾವ ಯಂತ್ರದವೂ ಅಲ್ಲ; ಕತ್ತರಿಯಿಂದ ಕತ್ತರಿಸಿದವು. ಅಂಚಿನ ತುಂಬ ಹಲ್ಲುಗಳು, ಒಂದೂ ಬಿಟ್ಟಿರಲಿಲ್ಲ. ಜೊತೆಗೆ ಒಂದು ಚೀಟಿ:

“ತಮ್ಮಾ, ಎಲಿ ಹಚ್ಚೂದು ಮರತೀದಿ. ಹಿತ್ತಲ ಮಾತು ಆಮ್ಯಾಲೆ.”

ಅವ್ವ ಚೀಟಿಯನ್ನು ಎರಡು ಸಲ ಓದಿಸಿಕೊಂಡಳು. ಮಗಳು ಎಲೆಗಳನ್ನು ಬೆಳಕಿಗೆ ಹಿಡಿದು ಹಲ್ಲುಗಳನ್ನು ಎಣಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳಿಗೆ ಒಂದು ಸಂಶಯ ಬಂದಿತು.

“ಅಪ್ಪಾ, ಕಾರ್ಡ್ ದೊಡ್ಡಪ್ಪನ ಹಂತೇಕ ಐತಿ, ಎಲಿ ನಮ್ಮ ಹಂತೇಕ ಅದಾವು. ಮತ್ತ ಹಚ್ಚೂದು ಹೆಂಗ?”

ಪ್ರಶ್ನೆ ಸರಿಯಾದದ್ದೇ. ಯಾರಾದರೊಬ್ಬರು ಪ್ರಯಾಣ ಮಾಡದೆ ಗತ್ಯಂತರವಿಲ್ಲ. ಬರುವ ರವಿವಾರ ವಿಜಯಪುರದ ಬಸ್ಸು ಎಷ್ಟು ಹೊತ್ತಿಗೆ ಎಂದು ನಾನು ವಿಚಾರಿಸಿಕೊಂಡು ಬಂದೆ. ಮನೆಗೆ ಬರುವಷ್ಟರಲ್ಲಿ ಅವ್ವ ಹಿತ್ತಲಿನ ದಾಸವಾಳದಿಂದ ಒಂದು ಟೊಂಗೆ ಮುರಿದು, ಅದರ ಬುಡಕ್ಕೆ ಹಸಿ ಅರಿವೆ ಸುತ್ತಿ, ನನ್ನ ಚೀಲದ ಬದಿಗೆ ಇಟ್ಟಿದ್ದಳು. ಚೀಲದಲ್ಲಿ ನಾನು ಎಲೆಗಳ ಲಕೋಟೆಯನ್ನಿಟ್ಟೆ. ಮಗಳು ಅಂಟಿನ ಸೀಸೆಯನ್ನು ತಂದು ಕೊಟ್ಟಳು.